ರಿಜೆಕ್ಟ್, ಕಂಡಮ್, ಅನ್‌ಫಿಟ್

ನನಗೆ ಬರುವ ಇಂಗ್ಲಿಷನ್ನು ಕೈಬೆರಳಲ್ಲಿ ಎಣಿಸಬಹುದು. ರಿಜೆಕ್ಟ್, ವೇಸ್ಟ್, ಡ್ಯಾಮೇಜ್, ಲೋ ಗ್ರೇಡ್, ಫೇಲ್, ಕಂಡಮ್. ಒಂದೂ ಒಳ್ಳೆಯ ಪದ ಇಲ್ಲ. ಮೂರನೇ ಕ್ಲಾಸಿಗೆ ಸಾಲೆ ಬಿಟ್ಟವಳು ನಾನು. ಇವನ್ನು ಕಲಿತದ್ದು ಸೊಂಡೂರು ಗುಡ್ಡದ ಮೇಲೆ, ಅದಿರು ಆರಿಸುವ ಕೆಲಸದಲ್ಲಿ. ಬುಟ್ಟಿ ತಂದು ಸುರಿದರೆ ಮೇಸ್ತ್ರಿ ಕೋಲಿನಿಂದ ಕಲ್ಲು ಹೊರಳಿಸಿ ನೋಡುತ್ತಿದ್ದ. ಸರಿ ಇಲ್ಲದಿದ್ದರೆ "ರಿಜೆಕ್ಟ್" ಅಂತ ಗುಡ್ಡಕ್ಕೆಲ್ಲ ಕೇಳುವಂತೆ ಒದರುತ್ತಿದ್ದ. ಸರಿ ಇದ್ದರೆ ಬಾಯಿ ಬಿಡುತ್ತಿರಲಿಲ್ಲ, ಮುಂದಿನ ಬುಟ್ಟಿಯ ಕಡೆ ಕೋಲು ತೋರಿಸುತ್ತಿದ್ದ. ಹೀಗಾಗಿ ಚೆನ್ನಾಗಿರುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಕಲಿಯುವ ಪ್ರಸಂಗವೇ ಬರಲಿಲ್ಲ.

ಬಂಡ್ರಿಯಲ್ಲಿ ನಮ್ಮ ಹಿತ್ತಲ ಗೋಡೆ ಕಟ್ಟಿದ್ದು ಆ ರಿಜೆಕ್ಟ್ ಕಲ್ಲಿನಲ್ಲೇ. ಯಾರಿಗೂ ಬೇಡವಾದದ್ದು, ಒಯ್ಯಿರಿ ಅಂದಿದ್ದ ಮೇಸ್ತ್ರಿ. ಎಷ್ಟೋ ವರ್ಷದ ಮೇಲೆ ಅದಿರಿಗೆ ಹುಚ್ಚು ಬೇಡಿಕೆ ಬಂತಲ್ಲ, ಆಗ ಬೈಕಿನ ಮೇಲೆ ಬಂದವನೊಬ್ಬ ಗೋಡೆಯನ್ನು ತಟ್ಟಿ ತಟ್ಟಿ ನೋಡಿದ.

"ಅಮ್ಮಾ, ಈ ಗ್ವಾಡಿ ಕೊಡ್ತೀಯೇನು? ಇಟ್ಟಂಗಿದು ಬ್ಯಾರೆ ಕಟ್ಟಿಸಿ ಕೊಡ್ತೀನಿ."

"ಅಲ್ಲೀ ತನಕ ಜಳಕ ಎಲ್ಲಿ ಮಾಡ್ಲಿ? ನಿಮ್ಮನಿಯಾಗಾ?" ಅಂದೆ. ಹೋದ. ಗೋಡೆ ಇನ್ನೂ ಇದೆ.

ಈ ಗೋಡೆಯ ಮೇಲೇ ಕೂತಿದ್ದಳು ನನ್ನ ಮೊಮ್ಮಗಳು, ಹೋದ ವರ್ಷ ಒಂದು ಮಧ್ಯಾಹ್ನ, ಕೈಯಲ್ಲಿ ಕಾಗದ ಹಿಡಿದು. ಗುಡ್ಡದ ಕಂಪನಿಯೊಂದು ಡಂಪರ್ ಓಡಿಸಲು ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತದೆ ಅಂತ ಗೊತ್ತಾಗಿ ಅವಳು ಹಟ ಹಿಡಿದು ತರಬೇತಿ ಮುಗಿಸಿದ್ದಳು. ಅದಿರು ಹೊರುವ ಆ ಗಾಡಿಯ ಒಂದು ಗಾಲಿ ನಮ್ಮ ಅಡುಗೆಮನೆಯಷ್ಟು ಎತ್ತರ. ಅದನ್ನು ಹಿಂದಕ್ಕೆ ಹೊಡೆದು ಗೆರೆಯ ಮೇಲೆ ನಿಲ್ಲಿಸಿ ತೋರಿಸಿ ಪಾಸಾಗಿದ್ದಳು. ಉಳಿದದ್ದು ಡಾಕ್ಟರ ತಪಾಸಣೆ ಒಂದೇ. ಅದನ್ನು ಮುಗಿಸಿ ಬಂದವಳು ಒಳಗೆ ಬರದೆ ಗೋಡೆ ಹತ್ತಿದ್ದಾಳೆ.

"ಏನಂದ್ರಲೇ?"

"ಅನ್‌ಫಿಟ್."

ಆ ಪದವೂ ನನಗೆ ಗೊತ್ತಿತ್ತು. ಗುಡ್ಡದಲ್ಲಿ ಕೆಮ್ಮುವವರನ್ನು ಕೆಳಗೆ ಕಳಿಸುವಾಗ ಅನ್ನುತ್ತಿದ್ದ ಪದ. ಹಾಗೆ ಇಳಿದವರು ಮತ್ತೆ ಮೇಲೆ ಹತ್ತಿದ್ದನ್ನು ನಾನು ನೋಡಿಲ್ಲ.

ಒಳಗಿಂದ ಸೊಸೆ ಓಡಿ ಬಂದಳು. "ಮೆಲ್ಲಕ ಹೇಳು, ಮಗ್ಗಲ ಮನಿಯವ್ರಿಗೆ ಕೇಳಸ್ತೈತಿ. ಅನ್‌ಫಿಟ್ ಹುಡುಗಿ ಅಂತ ಹೆಸರು ಬಿದ್ರ ನಾಳೆ ಯಾರು ಮಾಡ್ಕೊಂತಾರ?"

"ಡಂಪರಿಗೆ ಅನ್‌ಫಿಟ್ ಅಂದಾರವ್ವ, ಮದಿವಿಗಲ್ಲ," ಅಂದೆ. "ಏ ಹುಡುಗಿ, ಅದನ್ನ ಪೂರ್ತಿ ಓದು."

ಓದಿದಳು. ಟೆಂಪರರಿ ಅನ್‌ಫಿಟ್, ರಕ್ತ ಕಡಿಮೆ ಇದೆ, ಎರಡು ತಿಂಗಳು ಬಿಟ್ಟು ಮತ್ತೆ ತೋರಿಸಬೇಕು.

"ಟೆಂಪರರಿ ಅಂದ್ರ?"

"ಸದ್ಯಕ್ಕ."

"ಅದನ್ನ ಮೊದ್ಲು ಹೇಳಾಕ ಏನಾಗಿತ್ತು?"

"ಎರಡು ತಿಂಗಳಿಗೂ ರಕ್ತ ಆಗ್ಲಿಲ್ಲ ಅಂದ್ರ ನನ್ನ ಜಾಗ ಬ್ಯಾರೇರಿಗೆ ಹೋಗ್ತೈತಿ, ಅಜ್ಜಿ. ಮತ್ತ ಕರಿಯಂಗಿಲ್ಲ."

ಮರುದಿನ ಊರಿನ ನರ್ಸಮ್ಮನನ್ನು ಕರೆಸಿದೆ. ಆಕೆ ಹುಡುಗಿಯ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿ, ಉಗುರು ನೋಡಿ, ಕೇಳಿದಳು: "ಸಾಲ್ಯಾಗ ವಾರಕ್ಕೊಂದು ನೀಲಿ ಮಾತ್ರಿ ಕೊಡ್ತಿದ್ರಲ್ಲ, ಕಬ್ಬಿಣದ್ದು, ನುಂಗಿದ್ಯಾ ಇಲ್ಲಾ?"

ಮೊಮ್ಮಗಳು ನನ್ನ ಮುಖ ನೋಡಿದಳು. ಹೇಳಬೇಕಾದವಳು ನಾನೇ.

"ನುಂಗಿಲ್ಲ. ನಾನು ಬ್ಯಾಡಂದಿದ್ದೆ," ಅಂದೆ.

ನಮ್ಮೂರಲ್ಲಿ ಬಿಳಿ ಸೀರೆ ಮೂರು ಸಲ ಒಗೆದರೆ ಕೆಂಪಾಗುತ್ತದೆ. ಲಾರಿ ಹೋದರೆ ರೊಟ್ಟಿಯ ಮೇಲೂ ಕೆಂಪು ಧೂಳು ಕೂರುತ್ತದೆ, ಕೊಡದ ತಳದಲ್ಲೂ. ನಮ್ಮ ಓಣಿಯ ಹೆಂಗಸರದು ಒಂದೇ ಮಾತು: ಊರಿಗೆ ಊರೇ ಕಬ್ಬಿಣ ತಿಂತೈತಿ, ಮ್ಯಾಲೆ ಮಾತ್ರಿ ಬ್ಯಾರೆ ಬೇಕೇನು? ಹುಡುಗಿಯರು ಮಾತ್ರೆಯನ್ನು ಸಾಲೆಯಲ್ಲಿ ನುಂಗಿದ ಹಾಗೆ ಮಾಡಿ ಕರ್ಚೀಫಿನಲ್ಲಿ ಕಟ್ಟಿ ತರುತ್ತಿದ್ದರು. ಇವಳು ತಂದದ್ದನ್ನೆಲ್ಲ ನಾನು ಇದೇ ಗೋಡೆಯಾಚೆ ಎಸೆದಿದ್ದೆ. ಒಂದು ವಾರದ್ದಲ್ಲ, ವರ್ಷಗಟ್ಟಲೆ.

ನರ್ಸಮ್ಮ ಬೈಯಲಿಲ್ಲ, ನಕ್ಕಳು. ಅದು ಇನ್ನೂ ಕೆಟ್ಟದು. "ಅಜ್ಜಿ, ಗುಡ್ಡ ನೆಕ್ಕಿದ್ರ ರಕ್ತ ಆಗಂಗಿದ್ರ ಈ ಊರಾಗ ಎಲ್ಲಾರೂ ಪೈಲ್ವಾನ್ರೇ ಇರ್ತಿದ್ರು. ಈ ಧೂಳು ಎದಿಗೆ ಹೋಗಿ ಕುಂದರತೈತಿ, ರಕ್ತಕ್ಕ ಸೇರಂಗಿಲ್ಲ."

ಸೊಸೆ ನನ್ನ ಮೇಲೆ ಕಣ್ಣು ಕೆಂಪು ಮಾಡಿದಳು. ಮಾಡಲಿ. "ತಪ್ಪು ನಂದು," ಅಂದೆ. "ಈಗ ಏನು ಮಾಡ್ಬೇಕು, ಅದನ್ನ ಹೇಳ್ರಿ." ಅತ್ತರೆ ರಕ್ತ ಆಗುವುದಿಲ್ಲ.

ದಿನಾ ಊಟದ ಮೇಲೆ ಒಂದು ಮಾತ್ರೆ. ಅದರ ಹಿಂದೆ ಮುಂದೆ ಚಹಾ ಬೇಡವೇ ಬೇಡ. ನುಗ್ಗೆ ಸೊಪ್ಪು, ಮೇಲೆ ಲಿಂಬೆಹಣ್ಣು ಹಿಂಡಿ. ಸೊಪ್ಪು ಹಿತ್ತಲಲ್ಲೇ ಇತ್ತು. ಚಹಾದ್ದೇ ಕಷ್ಟ. ನಮ್ಮ ಮನೆಯಲ್ಲಿ ತಟ್ಟೆ ಎತ್ತುವ ಮೊದಲೇ ಚಹಾ ಬರಬೇಕು, ಅದು ನಾನೇ ಹಚ್ಚಿದ ಚಟ. ಅವಳ ಎದುರಿಗೆ ನಾನೂ ಬಿಟ್ಟೆ. ಹಿತ್ತಲಿಗೆ ಹೋಗಿ ಗೋಡೆಯ ಮರೆಯಲ್ಲಿ ಕುಡಿದೆ.

"ಅಜ್ಜಿ, ಹೊಟ್ಟಿ ಕಲ್ಲಾಗೇತಿ, ಒಂದಿನ ಬಿಡ್ತೀನಿ," ಅಂದಳು ಹದಿನೈದು ದಿನಕ್ಕೆ.

"ಕಲ್ಲೇ ಹೊರೋ ಗಾಡಿ ಓಡ್ಸಾಕ ಹೊಂಟಾಕಿ ನೀನು. ನೀರು ಕುಡಿ, ನುಂಗು."

ನುಂಗಿದಳು. ನನ್ನನ್ನು ಬೈದುಕೊಂಡೇ ನುಂಗಿದಳು. ಬೈಯುವುದಕ್ಕೆ ಅವಳಿಗೆ ಹಕ್ಕಿತ್ತು. ತಿಂಗಳು ಕಳೆಯುವಷ್ಟರಲ್ಲಿ ನೀರಿನ ಕೊಡ ಹೊತ್ತು ಬಂದು ಮೊದಲಿನ ಹಾಗೆ ಏದುಸಿರು ಬಿಡುತ್ತಾ ಕಟ್ಟೆಗೆ ಒರಗುವುದು ನಿಂತಿತು. ನೋಡಿದೆ, ಹೇಳಲಿಲ್ಲ.

ಎರಡು ತಿಂಗಳು ತುಂಬಿದ ದಿನ ಬಸ್ಸಿನಲ್ಲಿ ಅವಳ ಸಂಗಡ ನಾನೂ ಹೋದೆ. ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತು ಚಪ್ಪಲಿಯ ಕೆಂಪು ಮಣ್ಣು ಕೆರೆದೆ. ರಕ್ತ ತೆಗೆದುಕೊಂಡರು. ಕಾಯಿಸಿದರು. ಆಮೇಲೆ ಒಳಗೆ ಕರೆದರು. ಅವಳು ಹೊರಗೆ ಬಂದಾಗ ಮುಖದಲ್ಲಿ ಏನೂ ಇಲ್ಲ.

"ಏನಂದ್ರು?"

"ಏನೂ ಅನ್ಲಿಲ್ಲ ಅಜ್ಜಿ. ಸೀಲು ಒತ್ತಿ ಮುಂದಿನವ್ರನ್ನ ಕರದ್ರು."

ನನಗೆ ಮೇಸ್ತ್ರಿಯ ಕೋಲು ನೆನಪಾಯಿತು. "ಹಂಗಂದ್ರ ಆತು," ಅಂದೆ. ಅವಳು ಕಾಗದ ಬಿಚ್ಚಿ ಓದಿ, ಅಲ್ಲೇ ಮೆಟ್ಟಿಲ ಮೇಲೆ ಕೂತು ನಕ್ಕಳು. ನಾನು ಅವತ್ತು ಎಲ್ಲರೆದುರಿಗೇ ಕ್ಯಾಂಟೀನಿನಲ್ಲಿ ಚಹಾ ಕುಡಿದೆ. ಅವಳಿಗೆ ಕೊಡಲಿಲ್ಲ.

ಈಗ ಅವಳು ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಗುಡ್ಡಕ್ಕೆ ಹೋಗುತ್ತಾಳೆ. ಬರುವಾಗ ಹುಬ್ಬಿನ ತನಕ ಕೆಂಪಾಗಿರುತ್ತಾಳೆ. ನನಗೂ ಒಂದು ಕೆಲಸ ಸಿಕ್ಕಿದೆ. ಸೋಮವಾರ, ಮಾತ್ರೆ ಕೊಡುವ ದಿನ, ಸಾಲೆ ಬಿಡುವ ಹೊತ್ತಿಗೆ ತಂಬಿಗೆಯಲ್ಲಿ ನೀರು ಹಿಡಿದು ಗೋಡೆಯ ಹತ್ತಿರ ನಿಲ್ಲುತ್ತೇನೆ. ಓಣಿಯ ಹುಡುಗಿಯರನ್ನು ತಡೆದು ಕರ್ಚೀಫು ಬಿಚ್ಚಿಸುತ್ತೇನೆ. "ಬಂತ ನೋಡು ಮುದುಕಿ," ಅನ್ನುತ್ತವೆ. ಅಂದುಕೊಳ್ಳಲಿ. ಬಿಸಿಯೂಟ ಉಂಡು ಬಂದ ಹೊಟ್ಟೆ, ಮಾತ್ರೆಗೆ ಅಡ್ಡಿಯಿಲ್ಲ; ನುಂಗಿಸಿ ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡುತ್ತೇನೆ. ಹೋಗಿದ್ದರೆ ಏನೂ ಅನ್ನುವುದಿಲ್ಲ. ಮುಂದಿನವಳನ್ನು ಕರೆಯುತ್ತೇನೆ.