ಒಂದು ಹುಬ್ಬು ಮತ್ತು ನನ್ನ ಹನ್ನೆರಡು ವರ್ಷದ ಭಾಷಣ

ಮೊನ್ನೆ ಗೋಪನಕೊಪ್ಪದ ಸ್ಟುಡಿಯೋದಿಂದ ನನ್ನ ಹೆಂಡತಿ ಗಂಗಾಳ ಪಾಸ್‌ಪೋರ್ಟ್ ಅಳತೆಯ ಎಂಟು ಫೋಟೋ ತಂದೆ. ಬ್ಯಾಂಕಿನವರಿಗೆ ಬೇಕಾದದ್ದು ಎರಡು. ಉಳಿದ ಆರು, ನಿಮ್ಮ ಮನೆಯಲ್ಲೂ ಆಗುವಂತೆ, ಡ್ರಾಯರಿನಲ್ಲಿ ಕೂತು ಹಳದಿಯಾಗಲು. ಮನೆಗೆ ಬಂದು ಲಕೋಟೆ ಬಿಚ್ಚಿ ನೋಡಿದರೆ ಎಂಟರಲ್ಲೂ ಯಾರೋ ಅಪರಿಚಿತ ಹೆಂಗಸು ಕೂತಿದ್ದಾಳೆ. ಸೀರೆ ನಮ್ಮದೇ. ಬೆಣ್ಣೆ ಸವರಿದಂಥ ಆ ಗಲ್ಲ ನಮ್ಮದಲ್ಲ. ಎಡ ಹುಬ್ಬನ್ನು ಸೀಳಿಕೊಂಡು ಹಣೆಗೆ ಏರುವ, ಅರ್ಧ ಬೆರಳುದ್ದದ ಗಾಯದ ಗುರುತಂತೂ ಮಾಯವೇ ಆಗಿದೆ. ಅದು ಗಂಗಾ ಹುಡುಗಿಯಾಗಿದ್ದಾಗ ಮೇವು ಕೊಯ್ಯುವ ಕುಡುಗೋಲಿನಿಂದ ಆದದ್ದು. ಇಷ್ಟು ವರ್ಷ ನಾನು ಮುಂಜಾನೆ ಎದ್ದು ಮೊದಲು ನೋಡುತ್ತ ಬಂದದ್ದು ಅದನ್ನೇ. ಅದನ್ನು ಈ ಸ್ಟುಡಿಯೋ ಮಹಾಶಯ ನೆಲ ಒರೆಸಿದಂತೆ ಒರೆಸಿಬಿಟ್ಟಿದ್ದ.

ಜಗಳಕ್ಕೆಂದು ಹೊರಟವನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಹಾಗೆಯೇ ನಿಂತೆ. ಯಾಕೆಂದರೆ ಇದೇ ಸಿಟ್ಟನ್ನು ನಾನು ಹಿಂದೊಮ್ಮೆ ತಪ್ಪು ಮನುಷ್ಯನ ಮೇಲೆ ಖರ್ಚು ಮಾಡಿದ್ದೆ. ಇನ್ನೊಂದು ಚಪ್ಪಲಿ ಹಾಕಿಕೊಳ್ಳುವ ಮೊದಲು ಅದನ್ನು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದಲ್ಲಿ ಧಾರವಾಡದಲ್ಲಿ ಫೋಟೋ ಎಂದರೆ ರಾಚಪ್ಪ ಕಾಕಾ. ಅವರ ಸ್ಟುಡಿಯೋದ ಮಾಳಿಗೆಯಲ್ಲಿ ಒಂದು ಗಾಜಿನ ಬೆಳಕಿಂಡಿ, ಅದರ ಕೆಳಗೆ ಒಂದು ಕುರ್ಚಿ, ಎದುರಿಗೆ ಮೂರು ಕಾಲಿನ ಮೇಲೆ ನಿಂತ ದೊಡ್ಡ ಪೆಟ್ಟಿಗೆ ಕ್ಯಾಮರಾ. ಗಿರಾಕಿ ಬಂದ ಕೂಡಲೇ ಫೋಟೋ ತೆಗೆಯುವ ಅಗ್ಗದ ಚಾಳಿ ಅವರಿಗಿರಲಿಲ್ಲ. ಮೊದಲು ಚಹಾ ಕುಡಿಸಿ, ಊರು ಕೇಳಿ, ಬೆಳೆ ಕೇಳಿ, ಆಮೇಲೆ ಮುಖವನ್ನು ಡಾಕ್ಟರರಂತೆ ಪರೀಕ್ಷಿಸುವರು. ಎಷ್ಟೋ ಸಲ ತೀರ್ಪು ಹೀಗೆ ಬರುತ್ತಿತ್ತು: “ಇವತ್ತ ನಿಮ್ಮ ಮಾರಿ ತಯಾರಿಲ್ಲರಿ. ನಾಳೆ ಹತ್ತಕ್ಕ ಬರ್ರಿ, ಮನ್ಯಾಗ ಜಗಳಾ ಮಾಡ್ಕೊಳ್ಳದ ಬರ್ರಿ.” ಬಸ್ಸು ಹಿಡಿದು ಬಂದ ಹಳ್ಳಿಯವರೂ ತುಟಿಪಿಟಕ್ಕೆನ್ನದೆ ಮರುದಿನ ಬರುತ್ತಿದ್ದರು.

ನನ್ನ ಮದುವೆಯ ಮಾತು ನಡೆದಾಗ, ತೊಂಬತ್ಮೂರರಲ್ಲಿ, ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿಯ ನಮ್ಮ ಮನೆಗೆ ಬಂದ ಹುಡುಗಿಯ ಫೋಟೋ ಈ ಕಾಕಾ ತೆಗೆದದ್ದೇ. ಫೋಟೋ ನೋಡಿ ನಾನು ಹೂಂ ಅಂದೆ. ಹೆಣ್ಣು ನೋಡಲು ಹೋದಾಗ ಹುಬ್ಬಿನ ಗಾಯ ಕಂಡಿತು. ಫೋಟೋದಲ್ಲಿ ಅದಿರಲಿಲ್ಲ. ಬೇರೆಯವನಾಗಿದ್ದರೆ ಅವಲಕ್ಕಿ ತಟ್ಟೆ ಕೆಳಗಿಟ್ಟು ವಿಚಾರಣೆ ನಡೆಸುತ್ತಿದ್ದ. ನಾನು ಸಾಲಿ ಮಾಸ್ತರ. ಮೇಲಾಗಿ ಗೆಳೆಯನ ಕ್ಯಾಮರಾದಲ್ಲಿ ಎರಡು ರೋಲು ಫಿಲ್ಮು ಹಾಳು ಮಾಡಿದ ತಜ್ಞ. ನನಗೆ ತಕ್ಷಣ ಹೊಳೆಯಿತು: ಮುಖವನ್ನು ಕಾಲುಭಾಗ ಹೊರಳಿಸಿ, ಎಡಗಡೆಯಿಂದ ಬೆಳಕು ಸುರಿದು, ಕಾಕಾ ಗಾಯವನ್ನು ಬೆಳಕಿನಲ್ಲೇ ಕರಗಿಸಿಬಿಟ್ಟಿದ್ದಾರೆ! ಈ ಸೂಕ್ಷ್ಮವನ್ನು ಹೆಣ್ಣಿನ ತಂದೆಗೂ ಇಬ್ಬರು ಸೋದರಮಾವಂದಿರಿಗೂ ಅಲ್ಲೇ ವಿವರಿಸಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು “ಖರೇ ಅದ್ರಿ, ಖರೇ” ಅಂದರು. ನನ್ನ ಜ್ಞಾನಕ್ಕೆ ಬೆರಗಾದರೆಂದು ತಿಳಿದೆ.

ಮುಂದಿನ ಹನ್ನೆರಡು ವರ್ಷ ಆ ಫೋಟೋ ನನ್ನ ಪಠ್ಯಪುಸ್ತಕವಾಯಿತು. ಮನೆಗೆ ಬಂದವರಾರೂ ಬೆಳಕಿನ ಆ ಪಾಠವನ್ನು ಕೇಳದೆ ಪಾರಾಗಲಿಲ್ಲ. ಅಷ್ಟರಲ್ಲಿ ಕಂಪ್ಯೂಟರ್ ಬಂತು. ಹುಬ್ಬಳ್ಳಿಯ ಪ್ರತಿ ಸ್ಟುಡಿಯೋದಲ್ಲಿ ಮದುಮಗನ ಹಿಂದೆ ಹಿಮಪರ್ವತ, ಮದುಮಗಳ ಕಾಲಡಿ ಮೋಡ. ಜೋಳದ ರೊಟ್ಟಿ ತಿಂದು ಬೆಳೆದ ನಮ್ಮ ಜನ ಆಲ್ಬಮ್ಮಿನಲ್ಲಿ ಹಾಲಿನಿಂದ ಎದ್ದು ಬಂದವರಂತೆ ಕಾಣತೊಡಗಿದರು. ನನ್ನ ಭಾಷಣಕ್ಕೆ ಸುಗ್ಗಿಯೋ ಸುಗ್ಗಿ.

ಎರಡು ಸಾವಿರದ ಐದರ ಸುಮಾರಿಗೆ ಧಾರವಾಡದಲ್ಲಿ ಛಾಯಾಚಿತ್ರ ಸ್ಪರ್ಧೆ ನಡೆಸಿದ ಪುಣ್ಯಾತ್ಮರು ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದರು. ಅಂದು ರಾಚಪ್ಪ ಕಾಕಾ ಅವರಿಗೆ ಸನ್ಮಾನವೂ ಇತ್ತು. ಬಂದ ಫೋಟೋಗಳಲ್ಲಿ ಒಂದನ್ನು ಮೂರು ಸಲ ತಿರುಗಿ ಬಂದು ನೋಡಿದೆ. ಸುಳ್ಳ ಎಂಬ ಹಳ್ಳಿಯ ಹೊಲದಲ್ಲಿ ಹತ್ತಿಯ ರಾಶಿಗೆ ಒರಗಿ ಕೂತ ಮುದುಕಿ. ಮುಖದ ಒಂದೊಂದು ಸುಕ್ಕಿನಲ್ಲೂ ಬಿಸಿಲು. ತೆಗೆದವನು ಮಹಾಂತೇಶ, ಮದುವೆ ಫೋಟೋ ತೆಗೆದು ಬದುಕುವವನು. ಕರೆದು ಕೇಳಿದೆ, “ಇದರಾಗ ಕಂಪ್ಯೂಟರ್ ಎಷ್ಟಪಾ?”

“ಹಿಂದ ಕರೆಂಟಿನ ತಂತಿ ಇತ್ರಿ ಸರ್. ಅದನ್ನಷ್ಟ ತಗದೇನ್ರಿ.”

ಅಷ್ಟು ಸಾಕಾಯಿತು. ಅವನ ಫೋಟೋವನ್ನು ಹೊರಗಿಟ್ಟೆ. ಮೊದಲ ಬಹುಮಾನ ಉಣಕಲ್ ಕೆರೆಯ ಒಂದು ಸೂರ್ಯಾಸ್ತಕ್ಕೆ ಹೋಯಿತು. ಆಕಾಶ ಆ ಪರಿ ಕೆಂಪಾಗಿದ್ದರೂ, ಅದರಲ್ಲಿ ಕಂಪ್ಯೂಟರ್ ಎಷ್ಟೆಂದು ನಾನು ಕೇಳಲಿಲ್ಲ. ವೇದಿಕೆ ಏರಿ, ಕೈಯಲ್ಲಿ ನನ್ನ ಹೆಂಡತಿಯ ಫೋಟೋ ಹಿಡಿದು, ಒರೆಸಿ ಅಳಿಸುವವರು ಕಲಾವಿದರಲ್ಲ ಎಂದು ಮುಕ್ಕಾಲು ಗಂಟೆ ಸಾರಿದೆ. ಮಹಾಂತೇಶ ಹಿಂದಿನ ಸಾಲಿನಿಂದ ಎದ್ದು ಹೋದದ್ದು ಕಂಡಿತು. ಎರಡನೇ ಸಾಲಿನಲ್ಲಿದ್ದ ಗಂಗಾ ಸೆರಗಿನ ಅಂಚಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಸೆಕೆ ಎಂದುಕೊಂಡೆ.

ಸಭೆ ಮುಗಿದ ಮೇಲೆ ಕಾಕಾ ನನ್ನ ಕೈ ಹಿಡಿದು, “ಮಾಸ್ತರ, ನಾಳೆ ಇಬ್ರೂ ಅಂಗಡಿಗೆ ಬರ್ರಿ” ಅಂದರು. ಹೋದೆವು. ಸನ್ಮಾನದ ಶಾಲು ಕುರ್ಚಿಯ ಮೇಲೆ ಮಡಿಕೆ ಬಿಚ್ಚದೆ ಬಿದ್ದಿತ್ತು.

“ನಿನ್ನೆಯಿಂದ ಶಾಲು ಚುಚ್ಚಾಕತ್ತೇತ್ರಿ” ಎಂದು ಕಾಕಾ ಬೂಟಿನ ಡಬ್ಬಿಯೊಂದರಿಂದ ಹಳೆಯ ನೆಗೆಟಿವ್ ತೆಗೆದು ಬೆಳಕಿಂಡಿಯ ಕೆಳಗೆ ವಾರೆಯಾಗಿ ಹಿಡಿದರು. “ಹುಬ್ಬಿನ ಮ್ಯಾಲೆ ನೋಡ್ರಿ.”

ನೋಡಿದೆ. ಎಡ ಹುಬ್ಬಿನ ಮೇಲೆ, ಇರುವೆಯ ಕಾಲಿನಷ್ಟು ಸಣ್ಣ ಗೀರುಗಳು. ನೂರಾರು.

“ಪೆನ್ಸಿಲ್ರಿ” ಅಂದರು ಕಾಕಾ. “ಸೂಜಿಹಂಗ ಮಸದು, ಗಾಯ ಇದ್ದಲ್ಲೆ ತುಂಬಬೇಕು. ಇದಕ್ಕ ಎರಡ ತಾಸು ಹಿಡದಿತ್ತು. ಊರಾಗಿನ ಅರ್ಧಾ ಹೆಣ್ಮಕ್ಕಳ ಮದಿವಿ ಈ ಪೆನ್ಸಿಲಿನ್ಯಾಗ ಆಗ್ಯಾವ ನೋಡ್ರಿ. ಆವಾಗ ಕಂಪ್ಯೂಟರ್ ಇದ್ದಿದ್ದಿಲ್ಲ, ಅಷ್ಟ.”

“ಮತ್ತ ಬೆಳಕು?” ಎಂದೆ.

“ಬೆಳಕು ಛಲೋನ ಇತ್ತ್ರಿ. ಗಾಯಾ ಭಾಳ ಛಲೋ ಕಾಣಸ್ತಿತ್ತು.”

ನಾನು ಹೆಂಡತಿಯ ಕಡೆ ತಿರುಗಿದೆ. “ನಿನಗ ಗೊತ್ತಿತ್ತೇನು?”

“ನನ್ನ ಮುಂದ ನಮ್ಮಪ್ಪ ಹೇಳಿದ್ದು, ಗಾಯಾ ತಗೀರಿ ಅಂತ. ನಾ ಬ್ಯಾಡ ಅಂದೆ. ನನ್ನ ಮಾತು ಯಾರು ಕೇಳ್ತಾರ?”

“ಹನ್ನೆರಡು ವರ್ಷ ಯಾಕ ಹೇಳ್ಲಿಲ್ಲ?”

“ನೀವು ಭಾಷಣಾ ನಿಲ್ಲಸಿದ್ರ ಹೇಳಬೇಕಂತಿದ್ದೆ” ಅಂದಳು. ಆಮೇಲೆ ದನಿ ತಗ್ಗಿಸಿ, “ಬಂದವರ ಮುಂದೆಲ್ಲಾ ನನ್ನ ಮಾರಿ ಹಿಡದು, ಗಾಯ ಕಾಣೂದಿಲ್ಲ ನೋಡ್ರಿ, ನೋಡ್ರಿ ಅಂತಿದ್ರಿ. ಅವರು ಫೋಟೋ ಬಿಟ್ಟು ನನ್ನ ಹುಬ್ಬ ನೋಡ್ತಿದ್ರು. ನಿನ್ನೆ ಅಂತೂ ಇಡೀ ಸಭಾ ಹೊಳ್ಳಿ ನೋಡ್ತು.”

ಕಾಕಾ ಒಂದು ಶೀಶೆಯ ಬಿರಡೆ ತೆಗೆದರು. ಟರ್ಪೆಂಟೈನಿನ ಘಾಟು ಹರಡಿತು. “ಒರಸಿದ್ರ ಹೋಗ್ತೈತಿ ಯವ್ವಾ. ಒರಸ್ಲೇನು?” ಗಂಗಾ ಹತ್ತಿಯನ್ನು ಅವರ ಕೈಯಿಂದ ತಾನೇ ಇಸಿದುಕೊಂಡು ಒರೆಸಿದಳು. ಆ ನೆಗೆಟಿವಿನಿಂದ ಕಾಕಾ ಹೊಸದಾಗಿ ತೆಗೆದುಕೊಟ್ಟ ಫೋಟೋದಲ್ಲಿ ನಾನು ಮದುವೆಯಾದ ಹುಡುಗಿ ಮೊದಲ ಸಲ ಕಂಡಳು. ಹಳೆಯದಕ್ಕಿಂತ ಅದು ನೂರು ಪಾಲು ಒಳ್ಳೆಯ ಫೋಟೋ. ಕಾಕಾ ದೊಡ್ಡ ಫೋಟೋಗ್ರಾಫರ್ ಎಂಬುದಕ್ಕೆ ನನ್ನ ಬಳಿ ಇರುವ ಸಾಕ್ಷಿ ಈಗ ಅದೊಂದೇ.

ಅಲ್ಲಿಂದ ನೆಟ್ಟಗೆ ಸ್ಪರ್ಧೆಯ ಅಧ್ಯಕ್ಷರಲ್ಲಿಗೆ ಹೋಗಿ ತೀರ್ಪು ಬದಲಿಸಿರೆಂದು ಗೋಗರೆದೆ. “ಸರ್ಟಿಫಿಕೇಟ್ ಬರದು ಕೊಟ್ಟಾಗೇತ್ರಿ ಸರ” ಅಂದರು. ಮಹಾಂತೇಶನ ಮನೆಗೂ ಹೋದೆ. ಅವನು ಕೂಡಲು ಕುರ್ಚಿ ಕೊಟ್ಟ, ಕ್ಷಮೆ ಕೊಡಲಿಲ್ಲ. “ತಂತಿ ಕರೆಂಟಿನವರದ್ರಿ ಸರ್. ಮಾರಿ ಅಜ್ಜಿದು. ಅದನ್ನ ನಾ ಮುಟ್ಟಿಲ್ಲ” ಎಂದಷ್ಟೇ ಹೇಳಿದ. ಆಮೇಲೆ ಅವನು ಯಾವ ಸ್ಪರ್ಧೆಗೂ ಫೋಟೋ ಕಳಿಸಲಿಲ್ಲವೆಂದು ಕೇಳಿದ್ದೇನೆ. ನಾನೂ ತೀರ್ಪುಗಾರಿಕೆ ಬಿಟ್ಟೆ. ಆದರೆ ಅದರಿಂದ ಅವನಿಗೆ ಬಂದದ್ದೇನು?

ಇನ್ನೊಂದು ಚಪ್ಪಲಿ ಹಾಕಿಕೊಂಡೆ. ಗಂಗಾಳನ್ನೂ ಕರೆದುಕೊಂಡು ಗೋಪನಕೊಪ್ಪಕ್ಕೆ ಹೋದೆ. ಸ್ಟುಡಿಯೋದವನು ನಡುವಯಸ್ಸಿನ ಸಂಭಾವಿತ, ಫೋಟೋ ನೋಡಿ, “ಯಾಕ್ರಿ ಸರ್, ಅಕ್ಕಾರು ಚಂದ ಕಾಣಾಕತ್ತಾರಲ್ರಿ?” ಎಂದ. ಗಂಟಲವರೆಗೆ ಬಂದ ಭಾಷಣವನ್ನು ನುಂಗಿಕೊಂಡೆ.

“ಅವರನ್ನ ಕೇಳಿದ್ರೇನು?”

ಇಂಥ ಪ್ರಶ್ನೆ ಅವನ ಅಂಗಡಿಗೆ ಬಂದದ್ದು ಅದೇ ಮೊದಲಿರಬೇಕು. ಗಂಗಾಳ ಕಡೆ ತಿರುಗಿ, “ಗಾಯಾ ಇಡ್ಲೇನ್ರಿ ಅಕ್ಕಾರ?” ಎಂದ.

“ಇಡ್ರಿ” ಅಂದಳು. “ಹಂಗ ನಮ್ಮ ಯಜಮಾನರದೂ ಒಂದು ಫೋಟೋ ತಗೀರಿ. ತಲಿಮ್ಯಾಲೆ ಒಂದೀಟು ಕೂದಲಾ ಹಾಕಾಕ ಬರ್ತೈತೇನು ನೋಡ್ರಿ.”

ಅವನು ಹೊಸ ಪಾಠ ಕಲಿತವನ ವಿನಯದಿಂದ ನನ್ನತ್ತ ನೋಡಿ, “ಹಾಕ್ಲೇನ್ರಿ ಸರ್?” ಎಂದು ಕೇಳಿದ.

ಕೇಳಿದ್ದಾನೆ, ಆದ್ದರಿಂದ ತಪ್ಪು ಹುಡುಕುವಂತಿಲ್ಲ. ಬೇಡ ಎನ್ನಲು ನನಗೆ, ನಾಚಿಕೆಯಿಂದ ಒಪ್ಪುತ್ತೇನೆ, ಸ್ವಲ್ಪ ಹೊತ್ತು ಹಿಡಿಯಿತು.