ಗುರುತು ಕೇಳುವ ಸುಜಾತಾ

ಸುಜಾತಾ ಫೋನ್ ಎತ್ತಿದರೆ ಹಲೋ ಅನ್ನುತ್ತಿರಲಿಲ್ಲ. "ನೀವ ಅನ್ನಾಕ ಏನ್ ಗುರುತ್ರಿ?" ಎಂದು ಕೇಳುತ್ತಿದ್ದಳು. ಬ್ಯಾಂಕಿನವರಿರಲಿ, ಸಂಘದವರಿರಲಿ, ಸಾಕ್ಷಾತ್ ಹಡೆದವ್ವನೇ ಇರಲಿ, ಪ್ರಶ್ನೆ ಅದೇ. ಒಮ್ಮೆ ತಿಳವಳ್ಳಿಯಿಂದ ಅವಳ ಅವ್ವ ಯಾರದೋ ಫೋನಿನಿಂದ ಮಾತಾಡಿದಾಗಲೂ ಈ ಪುಣ್ಯಾತ್ಗಿತ್ತಿ ಹಾಗೇ ಕೇಳಿದಳು. ಆ ಕಡೆಯಿಂದ ಬಂದ ಕೂಗು ನನ್ನ ಝೆರಾಕ್ಸ್ ಮಷಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. "ನಿನ್ನ ಹಡದಾಕಿ ನಾನ! ರೊಟ್ಟಿ ಹಂಚು ತುಳದು ಎಡಗಾಲ ಹಿಮ್ಮಡ ಸುಟ್ಕೊಂಡಿದ್ದಿ, ಕಲಿ ಇನ್ನೂ ಐತಿ. ಸಾಕೇನ ಗುರುತು?" "ಸಾಕಬೇ, ಈಗ ಹೇಳು," ಎಂದು ಸುಜಾತಾ ಕುರ್ಚಿಗೆ ಒರಗಿದಳು. ನಾನು ನಗುವ ಭರದಲ್ಲಿ ಗಿರಾಕಿಯ ಆಧಾರ್ ಕಾರ್ಡನ್ನು ತಲೆಕೆಳಗಾಗಿ ಝೆರಾಕ್ಸ್ ಮಾಡಿದೆ.

ಸವಣೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ನನ್ನದು ಅಂದರೆ ಮಷಿನ್ ಮಾತ್ರ ನನ್ನದು, ಜಾಗ ವೀರನಗೌಡರದು. ಗೌಡರು ವೀಳ್ಯದ ಎಲೆಬಳ್ಳಿ ಬೆಳೆಗಾರರ ಸಂಘದ ಸೆಕ್ರೆಟರಿ, ಊರಿನಲ್ಲಿ ದೊಡ್ಡ ಹೆಸರು. ಅಂಗಡಿಯ ಅರ್ಧ ಭಾಗವನ್ನು ನಾನು ಸುಜಾತಾಗೆ ಬಿಟ್ಟುಕೊಟ್ಟಿದ್ದೆ. ಅವಳು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದಿ, ಅಲ್ಲೇ ಒಂದು ಕಂಪನಿಯಲ್ಲಿ ಕೆಲಸ ಮಾಡಿ, ಬೇಕಂತಲೇ ಬಿಟ್ಟು ಬಂದವಳು. ಯಾಕೆ ಅಂದರೆ, "ಅಲ್ಲಿ ಹುಕುಂ ಮಾಡೋರು ಭಾಳ, ಕೇಳೋರು ಕಡಿಮಿ, ಕಾಕಾ," ಅನ್ನುತ್ತಿದ್ದಳು. ಎತ್ತರದ ಹೆಣ್ಣುಮಗಳು. ದನಿ ಅದಕ್ಕಿಂತ ಎತ್ತರ. ನನ್ನ ಸ್ವಭಾವವೂ ಸ್ವಲ್ಪ ಖಾರ, ಹಾಗಾಗಿ ದಿನಕ್ಕೊಂದು ಜಗಳ ತಪ್ಪುತ್ತಿರಲಿಲ್ಲ.

ಅವಳ ಕೆಲಸ ವೆಬ್‌ಸೈಟುಗಳಿಗೆ ಡಿಜಿಟಲ್ ಸರ್ಟಿಫಿಕೇಟ್ ತರಿಸುವುದು, ಅವಧಿ ಮುಗಿಯುವ ಮೊದಲೇ ಹೊಸದು ಹಾಕುವುದು, ಅವನ್ನು ಕಾಯುವುದು. ಗೌಡರ ಸಂಘದ ಸೈಟೂ ಅವಳ ಕೈಯಲ್ಲೇ ಇತ್ತು. ಬೋರ್ಡಿನ ಮೇಲೆ ಸರ್ಟಿಫಿಕೇಟ್ ಅಂತ ಕಂಡು ಜಾತಿ, ಆದಾಯದ ಪ್ರಮಾಣಪತ್ರ ಬೇಡುವವರು ಬರುತ್ತಲೇ ಇದ್ದರು. "ಜಾತಿ ಬೇಕಾದ್ರ ತಹಶೀಲ್ದಾರ್ ಆಫೀಸಿಗೆ ಹೋಗ್ರಿ ಯಪ್ಪಾ, ನನ್ನ ಹತ್ರ ಆ ಮಾಲ್ ಇಲ್ಲ," ಎಂದು ಕಳಿಸುತ್ತಿದ್ದಳು. ಹಂಗಾದರೆ ನಿನ್ನ ಹತ್ತಿರ ಇರುವ ಮಾಲಾದರೂ ಏನು ಎಂದು ಒಂದು ದಿನ ನಾನೇ ಕೆಣಕಿದೆ.

"ನೋಡ್ರಿ ಕಾಕಾ," ಅಂದಳು. "ಎಲಿ ತೋಟದಾಂವ ಫೋನಿನ್ಯಾಗ ಸಂಘದ ಸೈಟ್ ತಗೀತಾನ. ಅದರಾಗ ತನ್ನ ಬ್ಯಾಂಕ್ ನಂಬರ್ ಹಾಕ್ತಾನ. ಅದು ಖರೇನ ಸಂಘದ ಸೈಟೋ, ಸಂಘದ ವೇಷ ಹಾಕ್ಕೊಂಡ ಕಳ್ಳಂದೋ, ಅವಂಗ ಹೆಂಗ ತಿಳೀಬೇಕು? ಖರೇ ಐತಿ ಅಂತ ಸರ್ಟಿಫಿಕೇಟ್ ಸಾಕ್ಷಿ ಹೇಳ್ತೈತಿ. ಆ ಸಾಕ್ಷಿ ನಿಂತಿರೋದು ಒಂದು ಗುಪ್ತ ಚಾವಿ ಮ್ಯಾಲೆ. ಚಾವಿ ಸೈಟ್ ಇರೋ ಸರ್ವರಿನ್ಯಾಗ ಹುಟ್ಟಿ ಸರ್ವರಿನ್ಯಾಗ ಸಾಯಬೇಕು. ಹೊರಗ ಬಂತಂದ್ರ ಯಾರ ಬೇಕಾದ್ರೂ ಸಂಘದ ಹೆಸರಿಲೆ ಅಂಗಡಿ ತಗದು ಕುಂಡ್ರಬಹುದು."

ಅವಳು ಮೊದಲು ಊರಿಗೆ ಬಂದಾಗ ಬಾಡಿಗೆ ಖೋಲಿ ಹುಡುಕಿದ ಕತೆ ಹೇಳಿದರೆ ಈ ಪ್ರಶ್ನೆಯ ಬೇರು ಗೊತ್ತಾಗುತ್ತದೆ. ಹೋದ ಕಡೆಯೆಲ್ಲ "ನೀವು ಯಾ ಪೈಕಿ?" ಅಂತ ಕೇಳಿದರು. "ಬೌದ್ಧರು," ಅಂದಳು. "ಅದಕ್ಕೂ ಮೊದಲ ಏನಿದ್ರಿ?" ಅಂದರು. ಅದನ್ನೂ ಮುಚ್ಚಿಡದೆ ಹೇಳಿದಳು. ತಕ್ಷಣ ಆ ಖೋಲಿಗೆ ಆ ಮನೆಯ ಅಳಿಯ ಬರುವುದು ನಿಶ್ಚಯವಾಗಿಬಿಡುತ್ತಿತ್ತು. "ಈ ಊರಾಗ ಖಾಲಿ ಖೋಲಿ ಎಲ್ಲಾ ಅಳಿಯಂದ್ರಿಗೆ ಮೀಸಲು ಅದಾವು ನೋಡ್ರಿ," ಎಂದು ನಗುತ್ತಿದ್ದಳು, ಆದರೆ ಕಣ್ಣು ನಗುತ್ತಿರಲಿಲ್ಲ. ಕೊನೆಗೆ ಮಹಡಿಯ ಮೇಲಿನ ಖೋಲಿ ಕೊಟ್ಟವರು ಎಲೆ ಬೆಳೆಯುವ ಖಾದರಸಾಬರು. ಆ ಮುದುಕ ಕೇಳಿದ್ದು ಒಂದೇ ಮಾತು, "ಎಲಿ ಅಡಿಕಿ ಹಾಕ್ಕೊಂತಿಯೇನ ಬೇಟಿ?" ಇಲ್ಲ ಅಂದಳಂತೆ. "ಹಂಗಂದ್ರ ನಮ್ಮ ಧಂಧೆ ಹೆಂಗ ನಡೀಬೇಕವಾ!" ಎಂದು ಚಾವಿ ಕೈಗಿಟ್ಟರಂತೆ.

"ಹುಟ್ಟಿದಾಗಿಂದ ಎಲ್ಲಾರೂ ನನ್ನ ಗುರುತ ಕೇಳ್ಕೊಂತ ಬಂದಾರ, ಕಾಕಾ. ಈಗ ನಾ ಕೇಳ್ತೇನಿ. ಆದ್ರ ನನ್ನ ಪ್ರಶ್ನೆದಾಗ ಮ್ಯಾಲಿನವ್ರು ಕೆಳಗಿನವ್ರು ಇಲ್ಲ. ಗೌಡರಿಗೂ ಅದ, ಗಾಡಿ ಹೊಡ್ಯಾಂವಗೂ ಅದ," ಎಂದು ಅವಳು ಹೇಳಿದಾಗ ಅವಳ ಬಗ್ಗೆ ನನಗೆ ಹೆಮ್ಮೆ ಅನ್ನಿಸಿತು. ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ತಲೆ ಮೇಲೆ ಕೂರುತ್ತಿದ್ದಳು.

ಗೌಡರಿಗೂ ಅದೇ ಪ್ರಶ್ನೆ ಅಂದದ್ದು ಬರೀ ಮಾತಾಗಿರಲಿಲ್ಲ. ಸಂಘಕ್ಕೆ ಇನ್ನೊಂದು ಹೊಸ ಸೈಟ್ ಮಾಡಿಸಿ, ಅದಕ್ಕೂ ಸರ್ಟಿಫಿಕೇಟ್ ತರಿಸು ಎಂದು ಗೌಡರು ಫೋನ್ ಮಾಡಿದರು. ಆ ಸೈಟಿನ ಹೆಸರು ಸಂಘದ ಕೈಯಲ್ಲೇ ಇದೆ ಅನ್ನುವುದಕ್ಕೆ ತಾನು ಕೊಡುವ ಒಂದು ಸಾಲನ್ನು ಆ ಹೆಸರು ನೋಂದಾಯಿಸಿದ ಖಾತೆಯಲ್ಲಿ ಹಾಕಿ ತೋರಿಸಬೇಕು ಎಂದಳು ಸುಜಾತಾ. ಗೌಡರು ಉರಿದುಬಿದ್ದರು. "ನಾ ಹೇಳಾಕತ್ತೇನಿ, ಸಾಲಂಗಿಲ್ಲೇನ? ಸವಣೂರಾಗ ನಾಯಿ ಸೈತ ನನ್ನ ಗುರುತು ಹಿಡೀತೈತಿ!" "ನಾಯಿ ಹಿಡೀತೈತ್ರಿ ಗೌಡ್ರ, ಕಂಪ್ಯೂಟರ್ ಹಿಡ್ಯಂಗಿಲ್ಲ. ಒಂದು ಸಾಲು ಹಾಕಿಸ್ರಿ," ಅಂದಳು. ಹಾಕಿಸಿದರು. ಆದರೆ ಆ ಮಾತನ್ನು ಗೌಡರು ಮರೆಯಲಿಲ್ಲ.

ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಾವು ಮನೆಗೆ ಕೀಲಿ ಹಾಕಿ ಊರಿಗೆ ಹೋದರೆ ಚಾವಿಯನ್ನು ಬಾಜೂ ಮನೆಯವರಿಗೆ ಕೊಟ್ಟು ಹೋಗುತ್ತೇವೆ. ಸಂಘದ ಗೋದಾಮಿನ ಚಾವಿ ಎಷ್ಟೋ ವರ್ಷಗಳಿಂದ ಎದುರಿನ ಚಹಾದಂಗಡಿಯ ಮೊಳೆಗೆ ತೂಗುತ್ತಿದೆ. ಯಾರಿಗೆ ಬೇಕೋ ಅವರು ತೆಗೆದುಕೊಂಡು ಹೋಗಿ ಬಾಗಿಲು ತೆರೆಯುತ್ತಾರೆ. ಇವತ್ತಿನವರೆಗೆ ಒಂದು ಪೆಂಡಿ ಎಲೆ ಕಳುವಾಗಿಲ್ಲ. ಚಾವಿ ಬಚ್ಚಿಡುವವನೇ ನಮ್ಮಲ್ಲಿ ಅನುಮಾನದ ಮನುಷ್ಯ.

ಸುಜಾತಾ ತಂಗಿಯ ಮದುವೆಗೆಂದು ತಿಳವಳ್ಳಿಗೆ ಹೋಗಿದ್ದಳು. ಈಕೆ ಊರಲ್ಲಿ ಇಲ್ಲದಾಗ ಸೈಟ್ ಕೆಟ್ಟರೆ ಏನು ಗತಿ ಎಂದು ಗೌಡರಿಗೆ ಚಿಂತೆ ಹತ್ತಿತು. ಸರ್ವರಿನ ಖಾತೆ ಅವರ ಹೆಸರಿನಲ್ಲೇ ಇತ್ತು. ಬಾಡಿಗೆಗೆ ಸರ್ವರ್ ಕೊಟ್ಟ ಕಂಪನಿಯವನಿಗೆ ಹೇಳಿ ಒಳಗಿದ್ದ ಫೈಲುಗಳನ್ನೆಲ್ಲ ತರಿಸಿಕೊಂಡರು. ಅದರಲ್ಲಿ ಆ ಗುಪ್ತ ಚಾವಿಯೂ ಇತ್ತು. ಅದನ್ನು ತೆಗೆದು ಬೆಳೆಗಾರರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ "ಸರ್ವ ಸದಸ್ಯರ ಅನುಕೂಲಕ್ಕಾಗಿ" ಎಂದು ಬರೆದರು. ಗುಂಪಿನಲ್ಲಿ ಬೆಳೆಗಾರರು, ದಲಾಲರು, ಲಾರಿಯವರು, ಜಗಳಾಡಿ ಸಂಘ ಬಿಟ್ಟು ಹೋದವರು, ಎಲ್ಲರೂ ಇದ್ದರು. ಎಲ್ಲರೂ ಕೈ ಮುಗಿದ ಚಿತ್ರ, ಹೂವಿನ ಚಿತ್ರ ಕಳಿಸಿದರು. ಚಹಾದಂಗಡಿಯ ಮೊಳೆಗೆ ಇನ್ನೊಂದು ಚಾವಿ ತೂಗುಬಿದ್ದಂತಾಯಿತು.

ಮರುದಿನ ಬೆಳಿಗ್ಗೆ ಸುಜಾತಾ ಬಸ್ಸಿನಲ್ಲೇ ಅದನ್ನು ನೋಡಿದಳು. ಇಳಿದವಳೇ ಹೆಗಲಿನ ಚೀಲವನ್ನೂ ಕೆಳಗಿಡದೆ ಕಂಪ್ಯೂಟರ್ ಮುಂದೆ ನಿಂತಳು. "ಯಾರನ್ನ ಕೇಳ್ದಿ? ಏನ್ ಮಾಡಾಕತ್ತಿ?" ಅಂದೆ. "ಸರ್ಟಿಫಿಕೇಟ್ ರದ್ದು ಮಾಡಾಕತ್ತೇನಿ. ಬೀದಿಗೆ ಬಿದ್ದ ಚಾವಿಗೆ ನಾ ಸಾಕ್ಷಿ ಹೇಳಂಗಿಲ್ಲ," ಅಂದಳು. ಸೈಟನ್ನೂ ಮುಚ್ಚಿದಳು. ಹೊಸ ಚಾವಿ, ಹೊಸ ಸರ್ಟಿಫಿಕೇಟ್ ಹಾಕಿ ಮತ್ತೆ ತೆರೆಯುವುದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸವಂತೆ. ಆದರೆ ಅಷ್ಟರಲ್ಲಿ ಗೌಡರಿಗೆ ಸುದ್ದಿ ಮುಟ್ಟಿತ್ತು. ಅವರು ಕಂಪನಿಯವನಿಗೆ ಹೇಳಿ ಸರ್ವರಿನೊಳಗೆ ಸುಜಾತಾ ಕಾಲಿಡದಂತೆ ಮಾಡಿಸಿ, ನೇರ ಅಂಗಡಿಗೆ ಬಂದರು.

ಅದು ಎಲೆ ಲಾರಿ ಹೊರಡುವ ದಿನ. ಬೆಳೆಗಾರರು ಸೈಟಿನಲ್ಲಿ ದರ ಒಪ್ಪಿದ ಮೇಲೆಯೇ ಪೆಂಡಿಗಳು ಲಾರಿ ಏರಬೇಕು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದ ಎಲೆ ಬಿಸಿಲಿಗೆ ಎಷ್ಟು ಹೊತ್ತು ತಾಳೀತು? ಬೆಳೆಗಾರರು ನನ್ನ ಅಂಗಡಿಯ ಮುಂದೆ ಸೇರಿ ಬಾಯಿಗೆ ಬಂದಂತೆ ಅಂದರು. "ಎಲಿ ಬಾಡಿದ್ರ ಯಾರ್ ಕೊಡ್ತಾರ? ನಿಮ್ಮಪ್ಪ ಕೊಡ್ತಾನೇನ?" ಎಂದ ಒಬ್ಬ. ನನಗೆ ಸಿಟ್ಟು ನೆತ್ತಿಗೇರಿತು. "ಅಂಗಡ್ಯಾಗ ಅಪ್ಪನ ಸುದ್ದಿ ಬ್ಯಾಡ!" ಎಂದು ಕೂಗಿದೆ.

ಗೌಡರು ಮಾತ್ರ ಸಮಾಧಾನದಿಂದ ಕುರ್ಚಿಯಲ್ಲಿ ಕುಳಿತು ಹೇಳಿದರು. "ಸರ್ವರಿನ ಬಾಗಿಲಾ ಈಗ ತಗಸ್ತೇನಿ. ಹೊಸಾ ಚಾವಿ ಮಾಡು, ಮಾಡಿ ನನ್ನ ಕೈಯಾಗ ಕೊಡು. ಸಂಘದ ಚಾವಿ ಸಂಘದ ಸೆಕ್ರೆಟರಿ ಹತ್ರ ಇರಬೇಕೋ, ಎಲ್ಲಿಂದರ ಬಂದಾಕಿ ಹತ್ರ ಇರಬೇಕೋ?"

ಎಲ್ಲಿಂದರ ಬಂದಾಕಿ ಅನ್ನುವಾಗ ಅವರ ದನಿ ಬದಲಾದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸುಜಾತಾ ಕುಳಿತುಕೊಳ್ಳಲಿಲ್ಲ.

"ಚಾವಿ ನನ್ನ ಹತ್ರ ಇಲ್ರಿ ಗೌಡ್ರ. ಎಂದೂ ಇದ್ದಿಲ್ಲ. ಅದು ಸಂಘದ್ದು, ಸಂಘದ ಸರ್ವರಿನ್ಯಾಗ ಇರ್ತೈತಿ. ಹೊರಗ ತಗದು ನಾನೂ ಇಟ್ಕೊಳ್ಳಂಗಿಲ್ಲ, ನಿಮಗೂ ಕೊಡಂಗಿಲ್ಲ. ಕೆಲಸಾ ಬೇಕಾದ್ರ ಕಸ್ಕೋರಿ. ನಾ ಇಲ್ಲೇ ನಿಂತಿರ್ತೇನಿ, ಎಲಿ ಒಣಗಲಿ, ನಾನೂ ಒಣಗ್ತೇನಿ. ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ."

ಆಗ ಹಿಂದಿನಿಂದ ಖಾದರಸಾಬರು ಗುಂಪು ಸರಿಸಿಕೊಂಡು ಬಂದರು. ಲಾರಿಗೆ ಕಾದಿದ್ದ ಎಲೆಯಲ್ಲಿ ಅವರದೂ ಇತ್ತು.

"ಗೌಡ್ರ, ನಮ್ಮ ಗೋದಾಮಿನ್ಯಾಗ ಇರೋದು ಎಲಿ. ಕಳುವಾದ್ರ ಮತ್ತ ಚಿಗೀತೈತಿ. ಈ ಸೈಟಿನ್ಯಾಗ ನಾವು ಹಾಕೋದು ಬ್ಯಾಂಕಿನ ನಂಬರು. ಅದನ್ನ ಕಾಯೋ ಚಾವಿ ಗುಂಪಿನ್ಯಾಗ ಹಾಕೂ ಮುಂದ ನಮ್ಮನ್ನ ಒಂದು ಮಾತು ಕೇಳಿದ್ರೇನ್ರಿ? ಈ ಹುಡುಗಿ ನನ್ನ ಮನ್ಯಾಗ ಅದಾಳ, ನಾ ಫೋನ್ ಹಚ್ಚಿದ್ರೂ ಗುರುತು ಕೇಳ್ತಾಳ. ಬಾಡಲಿ ತಗೋರಿ ನನ್ನ ಎಲಿ. ಚಾವಿ ಹೊರಗ ಬರೋದು ಬ್ಯಾಡ."

ಅಪ್ಪನ ಸುದ್ದಿ ಎತ್ತಿದವನೇ ಮೊದಲು ಹೌದು ಅಂದ. ಒಬ್ಬೊಬ್ಬರಾಗಿ ಎಲ್ಲರೂ ಗೌಡರ ಕಡೆ ತಿರುಗಿದರು. ಗೌಡರು ಊರನ್ನು ಬಲ್ಲವರು, ಅರ್ಧ ಸೋತು ಅರ್ಧ ಗೆಲ್ಲುವುದನ್ನೂ ಬಲ್ಲವರು. ಚಾವಿ ಒಳಗೇ ಇರಲಿ, ಆದರೆ ಈಕೆ ಬೇಡ, ಹುಬ್ಬಳ್ಳಿಯಿಂದ ಬೇರೆಯವರನ್ನು ಗೊತ್ತು ಮಾಡುತ್ತೇನೆ ಅಂದರು. ಅದಕ್ಕೆ ಯಾರೂ ಎದುರು ಮಾತಾಡಲಿಲ್ಲ. ಖಾದರಸಾಬರು ಬಾಯಿ ತೆರೆದರು, ಸುಜಾತಾ ಕಣ್ಣಲ್ಲೇ ತಡೆದಳು. "ಆತ್ರಿ," ಅಂದಳು. "ಹೋಗೂ ಮುಂದ ಬಾಗಿಲಾ ಭದ್ರ ಮಾಡಿ ಹೋಗ್ತೇನಿ."

ಗೌಡರು ಸರ್ವರಿನ ಬಾಗಿಲು ತೆಗೆಸಿದರು, ಸುಜಾತಾ ಹೊಸ ಚಾವಿ, ಹೊಸ ಸರ್ಟಿಫಿಕೇಟ್ ಹಾಕಿ ಸೈಟ್ ತೆರೆದಳು, ಎಲೆ ಲಾರಿ ಏರಿತು. ಖಾದರಸಾಬರ ಕೆಲವು ಪೆಂಡಿ ಬಾಡಿಯೇ ಹೋದವು. ಗುಂಪಿನಲ್ಲಿದ್ದ ಹಳೆಯ ಚಾವಿಯನ್ನು ಯಾರಾದರೂ ಎತ್ತಿಟ್ಟುಕೊಂಡಿದ್ದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. "ಕಳ್ಳ ಬಂದ ಮ್ಯಾಲೆ ಕೀಲಿ ಬದಲ್ ಮಾಡಾಕ ನಾ ಏನ್ ಹುಚ್ಚಿ ಏನ್ರಿ?" ಅಂದಳು ಸುಜಾತಾ.

ಸಂಘದ ಸಭೆಯ ಒಪ್ಪಿಗೆ ಪಡೆದು ಅವಳು ಒಂದು ಏರ್ಪಾಡು ಮಾಡಿದಳು. ಇನ್ನು ಮೇಲೆ ಸರ್ವರಿನೊಳಗೆ ಯಾರೇ ಹೋಗಬೇಕಾದರೂ ಎರಡು ಫೋನಿಗೆ ಬರುವ ಎರಡು ಓಟಿಪಿ ಬೇಕು. ಒಂದು ಖಾದರಸಾಬರ ಫೋನು, ಇನ್ನೊಂದು ನನ್ನದು. ಸಭೆ ಹೂಂ ಅಂದಾಗ ಮಾತ್ರ ನಾವು ಅದನ್ನು ಹೇಳಬೇಕು. ನನ್ನನ್ನು ಯಾಕೆ ಸಿಗಿಸಿದೆ ಎಂದು ರೇಗಿದೆ. "ನೀವು ಹಾಳಾದ ಝೆರಾಕ್ಸ್ ಹಾಳೀನೂ ಯಾರಿಗೂ ಸುಮ್ಮನ ಕೊಡಂಗಿಲ್ಲ, ಕಾಕಾ. ಈ ಕೆಲಸಕ್ಕ ಅಂಥಾವ್ರ ಬೇಕು," ಅಂದಳು.

ಹಿರೇಕೆರೂರಿನಲ್ಲಿ ಹಾಲಿನ ಹೆಣ್ಣುಮಕ್ಕಳ ಸಂಘವೊಂದು ಅವಳನ್ನು ಕರೆದಿತ್ತು. ಹೊರಡುವ ದಿನ ಹಾನಗಲ್ ಬಸ್ಸಿನವರೆಗೆ ಅವಳ ಕಂಪ್ಯೂಟರನ್ನು ನಾನೇ ಹೊತ್ತುಕೊಂಡು ಹೋದೆ. ಅವ್ವನನ್ನು ನೋಡಿ ಮುಂದೆ ಹೋಗುವವಳಿದ್ದಳು. ಆ ದಿನ ನಾನು ಜಗಳ ತೆಗೆಯಲಿಲ್ಲ. ಅವಳು ಕಿಟಕಿಯಿಂದ ಬಗ್ಗಿ, "ಯಾರ್ ಕೇಳಿದ್ರೂ ಹಂಗ ಓಟಿಪಿ ಹೇಳಬ್ಯಾಡ್ರಿ, ಕಾಕಾ. ನಾ ಕೇಳಿದ್ರೂ ಹೇಳಬ್ಯಾಡ್ರಿ," ಅಂದಳು. ಆಮೇಲೆ ಅವಳನ್ನು ನಾನು ನೋಡಿಲ್ಲ. ಅವಳಿದ್ದ ಅರ್ಧ ಅಂಗಡಿಯನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಮನಸ್ಸಾಗಿಲ್ಲ.

ಮೊನ್ನೆ ಮಧ್ಯಾಹ್ನ ನನ್ನ ಫೋನಿಗೆ ಒಂದು ಓಟಿಪಿ ಬಂತು. ಸಭೆ ಸೇರಿರಲಿಲ್ಲ, ಯಾರೂ ಹೂಂ ಅಂದಿರಲಿಲ್ಲ. ಬೆನ್ನಿಗೇ ಗೊತ್ತಿಲ್ಲದ ನಂಬರಿನಿಂದ ಫೋನು. ದನಿ ಮಾತ್ರ ಚೆನ್ನಾಗಿ ಗೊತ್ತಿತ್ತು.

"ನಾನೋ, ವೀರನಗೌಡ. ಓಟಿಪಿ ಬಂದೈತಿ ನೋಡು, ಲಗೂನ ಹೇಳು. ಖಾದರಸಾಬಂದು ಆಮ್ಯಾಲೆ ನೋಡ್ಕೊಂತೇನಿ."

ಖಾಲಿ ಕುರ್ಚಿಯ ಕಡೆ ನೋಡಿದೆ. ಮಾತು ತಾನಾಗಿಯೇ ಬಂತು.

"ನೀವ ಅನ್ನಾಕ ಏನ್ ಗುರುತ್ರಿ?"

"ಮಗನ, ಯಾರ ಜಾಗಾದಾಗ ಕುಂತು ಮಾತಾಡಾಕತ್ತಿ ಅನ್ನೋದು ನೆನಪೈತೇನ? ನಾಳೆನ ಅಂಗಡಿ ಖಾಲಿ ಮಾಡಸ್ತೇನಿ!"

"ಮಾಡಸ್ರಿ," ಅಂದೆ. "ಗುರುತು ಮೊದಲ ಹೇಳ್ರಿ. ಆಮ್ಯಾಲೆ ಸಭೆ ಕರೀರಿ."