ಸಿಡಿಗುಂಡಿನ ಮೊಟ್ಟೆ

ಲಿಫ್ಟ್ ರಿಪೇರಿ ಮಾಡುತ್ತಲೇ ಆಯಸ್ಸು ಸವೆಸಿದ ಆತನಿಗೆ ಬೀದಿಯವರು ಇಟ್ಟ ಹೆಸರು ಸಿಡಿಗುಂಡು. ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ಸಿಟ್ಟು, ಮೆಲ್ಲಗೆ ಹಾಕಿದರೆ ಕಳ್ಳರ ಹಾಗೆ ಯಾಕೆ ಹಾಕುತ್ತೀರಿ ಎಂದು ಸಿಟ್ಟು. ನಿವೃತ್ತನಾದ ಮೇಲೆ ಬೈಯಲು ಲಿಫ್ಟೂ ಇಲ್ಲ, ಕೈಕೆಳಗಿನವರೂ ಇಲ್ಲ. ಉಳಿದವಳು ಹೆಂಡತಿ ಒಬ್ಬಳೇ.

ಇಂಥವನ ಕಿವಿಗೆ ಬೀದಿಯ ಸಂಘದವರ ಮೊಟ್ಟೆ ಸ್ಪರ್ಧೆಯ ಸುದ್ದಿ ಬಿತ್ತು. ಚಿಕ್ಕವರು ದೊಡ್ಡವರು ಯಾರು ಬೇಕಾದರೂ ಸೇರಬಹುದು. ಹಸಿ ಮೊಟ್ಟೆಯನ್ನು ತಾವೇ ಮಾಡಿದ ಪೆಟ್ಟಿಗೆಯಲ್ಲಿಟ್ಟು ತರಬೇಕು, ಸಂಘದ ಕಟ್ಟಡದ ತಾರಸಿಯಿಂದ ಕೆಳಗೆ ಬಿಟ್ಟರೆ ಒಡೆಯಬಾರದು. ಸ್ಪರ್ಧೆಗೆ ತಾನೂ ಸೇರಿದ್ದ ಎದುರುಮನೆ ದರ್ಜಿ ನಗುತ್ತಾ, "ಮೊಟ್ಟೆ ಬೀಳೋಕೆ ಮುಂಚೆ ನೀವೇ ಸಿಡೀತೀರಿ ಬಿಡಿ" ಅಂದ. ಆ ಮಾತು ಸಿಡಿಗುಂಡಿನ ಮೈಯೆಲ್ಲ ಉರಿಸಿತು. ಜೀವಮಾನವಿಡೀ ಜನರನ್ನು ಜೋಪಾನವಾಗಿ ಹತ್ತಿಸಿ ಇಳಿಸಿದವನಿಗೆ ಒಂದು ಮೊಟ್ಟೆ ಇಳಿಸಲು ಬರುವುದಿಲ್ಲವೇ? ದರ್ಜಿಯ ಎದುರು ಗೆಲ್ಲದಿದ್ದರೆ ಬೀದಿಯಲ್ಲಿ ತಲೆ ಎತ್ತುವುದಿಲ್ಲ ಎಂದು ಹಟ ಹಿಡಿದ.

ಊಟದ ಮೇಜು ವರ್ಕ್‌ಶಾಪ್ ಆಯಿತು. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ರಟ್ಟಿನ ಪೆಟ್ಟಿಗೆಯ ಮೂಲೆಮೂಲೆಗೂ ಬಿಗಿದು, ನಡುವೆ ಮೊಟ್ಟೆಗೆ ಬಟ್ಟೆಯ ಜೋಲಿ ಕಟ್ಟಿದ. ಮನೆಯೊಳಗೇ ಬೀಳಿಸಿ ನೋಡಿದ. ಮೊಟ್ಟೆ ಒಡೆದಾಗಲೆಲ್ಲ ಕತ್ತರಿ ಮೊಂಡು ಎಂದು, ಬೆಳಕು ಸಾಲದೆಂದು, ಅಡುಗೆಮನೆಯಲ್ಲಿ ತಟ್ಟೆ ಸದ್ದಾಯಿತೆಂದು ಹೆಂಡತಿಯ ಮೇಲೆ ಹರಿಹಾಯ್ದ. ಆಕೆ ನೆಲ ಒರೆಸಿದಳು.

ಸ್ಪರ್ಧೆಯ ದಿನ ಹೊರಡುವ ಗಡಿಬಿಡಿಯಲ್ಲಿ "ಮೊಟ್ಟೆ ಎಲ್ಲೇ?" ಎಂದು ಕೂಗಿದ. ಆಕೆ ತಂದುಕೊಟ್ಟಳು. ಆತ ನೋಡದೆಯೇ ಜೋಲಿಗೆ ಇಟ್ಟು ಪೆಟ್ಟಿಗೆ ಮುಚ್ಚಿದ. ಆಕೆಯೂ ಅವನ ಹಿಂದೆ ಹೊರಟಳು.

ಒಂದೊಂದೇ ಪೆಟ್ಟಿಗೆ ತಾರಸಿಯಿಂದ ಬಿತ್ತು. ದರ್ಜಿಯ ಹತ್ತಿ ತುಂಬಿದ ಪೆಟ್ಟಿಗೆ ಬಿದ್ದು, ಹಳದಿ ಲೋಳೆ ಸೋರಿದಾಗ ಸಿಡಿಗುಂಡು ಚಪ್ಪಾಳೆ ತಟ್ಟಿದ. ಕೊನೆಗೆ ಅವನದು ಧಡ್ ಎಂದು ಬಿತ್ತು. ತೆಗೆದು ನೋಡಿದರೆ ಮೊಟ್ಟೆಯ ಮೇಲೆ ಒಂದು ಗೀರೂ ಇಲ್ಲ! ಆತ ಮೀಸೆ ತಿರುವಿದ. ತೀರ್ಪು ಕೊಡುವ ವಿಜ್ಞಾನದ ಮೇಡಂ, "ಹಸೀದು ಅಂತ ತೋರಿಸ್ಬೇಕಲ್ಲ ಸರ್" ಎನ್ನುತ್ತಾ ಅದನ್ನು ಬಟ್ಟಲಿನ ಅಂಚಿಗೆ ಕುಟ್ಟಿದರು. ಏನೂ ಸುರಿಯಲಿಲ್ಲ. ಸಿಪ್ಪೆಯ ಬಿರುಕಿನೊಳಗೆ ಬೆಂದ ಬಿಳಿ ಕಂಡಿತು.

ಅಂಗಳವೆಲ್ಲ ಗೊಳ್ಳೆಂದು ನಕ್ಕಿತು. "ಮೋಸ!" ಎಂದು ಯಾರೋ ಕೂಗಿದರು. ಸಿಡಿಗುಂಡಿಗೆ ಕಣ್ಣು ಕತ್ತಲಿಟ್ಟಿತು. ಅವನಿಗೆ ಸಿಟ್ಟಿನವ ಎಂಬ ಹೆಸರಿತ್ತು, ಮೋಸಗಾರ ಎಂಬ ಹೆಸರು ಇರಲಿಲ್ಲ. ನೇರ ಹೋಗಿ ದರ್ಜಿಯ ಕಾಲರ್ ಹಿಡಿದ.

"ನೀನೇ ಕಣೋ ಬದಲಾಯಿಸಿದ್ದು!"

"ಬಿಡ್ರೀ ಅವರನ್ನ," ಎಂದಳು ಹೆಂಡತಿ. "ಬೇಯಿಸಿದ್ದು ನಾನು."

"ನಿನಗೇನು ತಲೆ ಕೆಟ್ಟಿದೆಯಾ? ನನ್ನ ಮಾನ ತೆಗೆದ್ಯಲ್ಲೇ!"

"ಆಮೇಲೆ ಒಡೆದು ನೋಡ್ತಾರೆ ಅಂತ ನನಗೇನು ಗೊತ್ತು?" ಆಕೆ ಎಲ್ಲರ ಎದುರೇ ಹೇಳಿದಳು. "ಇದೂ ಒಡೆದಿದ್ರೆ ನನ್ನ ಗತಿ ಏನು ಅಂತ ಬೇಯಿಸಿದೆ. ಇವರೆಲ್ಲ ನಿಮ್ಮ ಕೂಗಾಟ ನೋಡಿ ನಕ್ಕು ಅವರವರ ಮನೆಗೆ ಹೋಗ್ತಾರೆ. ನಾನು ನಿಮ್ಮ ಜೊತೆ ಬರ್ಬೇಕಲ್ಲ!"

ಸಿಡಿಗುಂಡಿನ ಕೈಯಲ್ಲಿ ದರ್ಜಿಯ ಕಾಲರ್ ಸಡಿಲವಾಯಿತು. ಹೆಂಡತಿ ಸೆರಗು ಸರಿಪಡಿಸಿಕೊಂಡು, ಆತನಿಗಾಗಿ ಕಾಯದೆ ಗೇಟಿನ ಕಡೆ ನಡೆದಳು. ಹಾಗೆ ಆಕೆ ಎಂದೂ ಹೋದವಳಲ್ಲ.

ಆತ "ನಿಲ್ಲೇ!" ಎಂದು ಗದರಲು ಬಾಯಿ ತೆರೆದ. ಗದರಿದರೆ ಆಕೆ ನಿಂತೇ ನಿಲ್ಲುತ್ತಾಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ನಿಲ್ಲುತ್ತಾಳೆಂಬುದು ಈಗಷ್ಟೇ ಗೊತ್ತಾಗಿತ್ತು. ಆತ ಬಾಯಿ ಮುಚ್ಚಿಕೊಂಡ. ಆಕೆ ಗೇಟು ದಾಟಿ ಹೋದಳು.